ಪೀಟರ್ ಗೇಟಿನ ಬಳಿ ನಿಂತಿದ್ದಾನೆ

ಅಲ್ ಹಿಲಾಲ್, ದೋಹಾ
೨೧-೧೧-೨೦೨೪, ಗುರುವಾರ

ಮಗಳು ಗ್ರೀಷ್ಮಾಳಿಗೆ ಅಪ್ಪನ ಪ್ರೀತಿಯ ಆಶೀರ್ವಾದ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಸೆಕೆ ಇಳಿದಿದೆ, ಬೆಳಿಗ್ಗೆ ಹೊರಗೆ ನಿಂತರೆ ಗಾಳಿ ಹಿತವಾಗಿದೆ, ಮೊಣಕಾಲಿನ ನೋವೂ ಮೊದಲಿನಷ್ಟಿಲ್ಲ. ನೀನು, ಅಮ್ಮ, ಅಜ್ಜಿ, ರೋಶನ್ ಮಾವ ಎಲ್ಲರೂ ಹುಷಾರಾಗಿದ್ದೀರಿ ಎಂದು ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದಳು. ನೀನು ಟ್ಯೂಷನ್ನಿಗೆ ಹೋಗಿದ್ದೆಯಂತೆ. ನಾನು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ ನಿನಗೆ ಟ್ಯೂಷನ್ ಇರುತ್ತದೆ, ಇಲ್ಲವಾದರೆ ಒಣಗಿದ ಬಟ್ಟೆ ಒಳಗೆ ತರಲಿಕ್ಕಿರುತ್ತದೆ. ಇರಲಿ, ತಮಾಷೆಗೆ ಹೇಳಿದೆ.

ಮೂರು ವಾರದ ಹಿಂದೆ ನೀನು ಕಳಿಸಿದ ಕಥೆಗೆ ನಾನು ಏನೂ ಹೇಳಲಿಲ್ಲ ಎಂದು ನಿನಗೆ ಸಿಟ್ಟು ಬಂದಿರಬಹುದು. ತಪ್ಪು ನನ್ನದೇ. ಆರು ಪುಟಗಳ ಫೋಟೊ. ಎರಡು ಬೆರಳಿನಿಂದ ಅಗಲ ಮಾಡಿ ಮಾಡಿ ಓದಿದೆ. ಒಂದು ಸಾಲು ಹಿಡಿಯುವಾಗ ಇನ್ನೊಂದು ಸಾಲು ಜಾರುತ್ತಿತ್ತು. ಕೊನೆಗೆ ಇರ್ಷಾದ್ ತಾನಿರುವ ನಜ್ಮಾ ಏರಿಯಾದ ಒಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಟ್ಟ. ಇರ್ಷಾದ್ ನಿನಗೆ ಗೊತ್ತಲ್ಲ, ಬಂಟ್ವಾಳದವನು, ಕೆಫೆಟೇರಿಯಾದಲ್ಲಿ ಪರೋಟಾ ಮಾಡುವವನು. ಮುಂದಿನ ಶುಕ್ರವಾರ ಅವನು ರಜೆಯಲ್ಲಿ ಊರಿಗೆ ಬರುತ್ತಾನೆ, ಈ ಪತ್ರ ಅವನ ಕೈಯಲ್ಲೇ ಬರುವುದು. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಬಹುದಿತ್ತು. ಮೂರು ಸಲ ಶುರು ಮಾಡಿ ಮೂರು ಸಲವೂ ಅಳಿಸಿದೆ. ಬಾಯಿ ತೆರೆದರೆ ನನಗೆ ತುಳು ಬರುತ್ತದೆ, ತುಳುವಿನಲ್ಲಿ ನನಗೆ ಬೈಯಲಿಕ್ಕೂ ನಗಿಸಲಿಕ್ಕೂ ಮಾತ್ರ ಗೊತ್ತು.

ಕಥೆ ಚೆನ್ನಾಗಿದೆ ಮಗಾ. ಒಂಬತ್ತನೇ ಕ್ಲಾಸಿನಲ್ಲಿ ನಾನು ರಜಾ ಅರ್ಜಿ ಬರೆಯಲಿಕ್ಕೂ ಬೇರೆಯವರನ್ನು ಹಿಡಿಯುತ್ತಿದ್ದೆ. ಹಿಮದ ನಾಡಿನ ಪೀಟರ್, ಅವನ ಜಾರುಬಂಡಿ ಎಳೆಯುವ ನಾಯಿ ಮಿಂಚು. ಪೀಟರ್ ಹಡಗಿನ ಕೆಲಸಕ್ಕೆಂದು ಮಿಂಚುವನ್ನು ನೆರೆಮನೆಯವನ ಕೈಗೆ ಕೊಟ್ಟು ಹೋಗುವುದು. ನೆರೆಮನೆಯವನು ಅದನ್ನು ತನ್ನ ಬಂಡಿಗೆ ಕಟ್ಟಿಕೊಳ್ಳುವುದು. ಮೂರು ಚಳಿಗಾಲ ಕಳೆದ ಮೇಲೆ ಪೀಟರ್ ಬಂದು ಗೇಟಿನ ಬಳಿ ನಿಲ್ಲುವುದು. ಒಂದೇ ಒಂದು ಆಕ್ಷೇಪ. ನಾಲ್ಕನೇ ಪುಟದಲ್ಲಿ ನೀನು ಮಿಂಚುವನ್ನು ಹಲಸಿನ ಮರಕ್ಕೆ ಕಟ್ಟಿದ್ದೀ. ಆ ಹಿಮದಲ್ಲಿ ಹಲಸು ಎಲ್ಲಿಂದ ಬಂತು? ಬೇರೆ ಯಾವುದಾದರೂ ಮರ ಹಾಕು, ಇಲ್ಲವಾದರೆ ಸ್ಪರ್ಧೆಯ ತೀರ್ಪುಗಾರರು ಹಣ್ಣು ಕೇಳಿಯಾರು.

ಆದರೆ ಕಥೆ ಗೇಟಿನ ಬಳಿಯೇ ನಿಂತಿದೆ. ಕೆಳಗೆ ನೀನು ಪೆನ್ಸಿಲಿನಲ್ಲಿ ಬರೆದಿದ್ದೀ: "ಅಪ್ಪಾ, ಮಿಂಚು ಈಗ ಯಾರ ಹತ್ತಿರ ಹೋಗಬೇಕು? ನಿಮ್ಮ ಹತ್ತಿರ ಅಂಥದ್ದೇ ನಾಯಿ ಉಂಟಲ್ಲ, ನೋಡಿ ಹೇಳಿ." ಡಿಸೆಂಬರ್ ಐದಕ್ಕೆ ಶಾಲೆಯಲ್ಲಿ ಕೊಡಬೇಕೆಂದೂ ಬರೆದಿದ್ದೀ. ನಾನು ತಡ ಮಾಡಿದ್ದು ಉದಾಸೀನದಿಂದಲ್ಲ. ನೋಡಿಯೇ ಹೇಳೋಣವೆಂದು ಕಾದೆ. ಯಾಕೆಂದರೆ ಬರುವ ಭಾನುವಾರ ನಮ್ಮ ಗೇಟಿಗೂ ಒಬ್ಬರು ಬರುತ್ತಾರೆ.

ನಾನು ಗೇಟು ಕಾಯುವ ಈ ಕಾಂಪೌಂಡಿನ ಏಳನೇ ನಂಬರಿನ ವಿಲ್ಲಾದಲ್ಲಿ ರಾಹಿಲಾ ಮೇಡಂ ಅಂತ ಇದ್ದರು, ಹೈದರಾಬಾದಿನವರು, ಹಲ್ಲಿನ ಡಾಕ್ಟರು. ಗಂಡನಿಗೆ ಕೆನಡಾದಲ್ಲಿ ಕೆಲಸವಾಗಿ ಕಳೆದ ವರ್ಷ ಏಪ್ರಿಲಿನಲ್ಲಿ ಇಬ್ಬರೂ ಹೊರಟರು. ನಾಯಿಯನ್ನು ನನಗೆ ಒಪ್ಪಿಸಿ, ಲತೇಶ್ ಭಾಯ್, ಮೂರು ತಿಂಗಳು ನೋಡಿಕೊಳ್ಳಿ, ಮನೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇವೆ ಎಂದರು. ಮೂರು ತಿಂಗಳು ಹತ್ತೊಂಬತ್ತಾಯಿತು. ಒಮ್ಮೆ ಬಾಡಿಗೆ ಮನೆಯಲ್ಲಿ ನಾಯಿ ಬಿಡುವುದಿಲ್ಲವೆಂದರು, ಒಮ್ಮೆ ಬೇಸಗೆಯಲ್ಲಿ ವಿಮಾನಕ್ಕೆ ಹಾಕುವಂತಿಲ್ಲವೆಂದರು. ಸುಳ್ಳಲ್ಲ ಅದು, ಎಲ್ಲ ನಿಜವೇ. ದೂರ ಹೋದವರ ಕಾರಣಗಳು ಯಾವಾಗಲೂ ನಿಜವೇ ಇರುತ್ತವೆ.

ನಾಯಿಯ ಹೆಸರು ಅವರು ಇಟ್ಟದ್ದು ಕುಲ್ಫಿ. ನನ್ನ ಬಾಯಿಗೆ ಅದು ಹತ್ತಲಿಲ್ಲ, ಬೆಳ್ಳಗಿದ್ದಾನಲ್ಲ, ಬೊಳ್ಳ ಎಂದು ಕರೆದೆ. ಎರಡೂ ಹೆಸರಿಗೆ ಕಿವಿ ಎತ್ತುತ್ತಾನೆ. ಒಂದು ಕಣ್ಣು ನೀಲಿ, ಒಂದು ಕಂದು. ನನ್ನ ಕೋಣೆಯಲ್ಲಿ ಏಸಿಯ ಕೆಳಗೇ ಅವನ ಜಾಗ. ನಮ್ಮೂರಿನಲ್ಲಿ ನಾಯಿ ಹೊಸಿಲು ದಾಟಿದರೆ ನಿನ್ನ ಅಜ್ಜಿ ಹಿಡಿಸೂಡಿ ತೆಗೆಯುತ್ತಾರೆ. ಇಲ್ಲಿ ನಾನೇ ಚಾದರ ಹೊದ್ದು ಮಲಗುತ್ತೇನೆ, ಅವನಿಗೆ ಚಳಿ ಬೇಕಲ್ಲ.

ಮೊದಮೊದಲು ಮೇಡಂ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುತ್ತಿದ್ದರು. ಅವರ ಧ್ವನಿ ಕೇಳಿದರೆ ಇವನು ಫೋನಿನ ಹಿಂದೆ ಹೋಗಿ ಹುಡುಕುತ್ತಿದ್ದ. ಆಮೇಲೆ ಹುಡುಕುವುದನ್ನು ಬಿಟ್ಟ. ಆಮೇಲೆ ಫೋನು ಮುಂದೆ ಹಿಡಿದರೆ ಮುಖ ತಿರುಗಿಸಿ ಬೇರೆ ಕಡೆ ಹೋಗುತ್ತಿದ್ದ. ಬಾ ಬೊಳ್ಳ, ಒಂದು ಸಲ ಮುಖ ತೋರಿಸು ಎಂದು ನಾನು ಬಿಸ್ಕಿಟು ಹಿಡಿದು ಕರೆಯಬೇಕಾಗುತ್ತಿತ್ತು.

ಇನ್ನು ನನ್ನ ಒಂದು ಘನಕಾರ್ಯ ಕೇಳು. ಅಮ್ಮನಿಗೆ ಹೇಳಬೇಡ, ವರ್ಷವಿಡೀ ನಗುತ್ತಾಳೆ. ನಾನು ಕಂಬಳದ ಕೋಣಗಳ ಜೊತೆ ಬೆಳೆದವನು, ನಿನಗೆ ಗೊತ್ತು. ಹಲಗೆಯ ಮೇಲೆ ನಿಂತು ಕೆಸರಿನಲ್ಲಿ ಕೋಣ ಓಡಿಸಿದವನು. ಜೂನಿನಲ್ಲಿ ಇಲ್ಲಿ ಬೆಂಕಿ ಸುರಿಯುವಾಗ ಆ ದಪ್ಪ ರೋಮದೊಳಗೆ ಬೊಳ್ಳ ಏದುಸಿರು ಬಿಡುವುದನ್ನು ನೋಡಲಾಗಲಿಲ್ಲ. ಕೋಣಗಳಿಗೆ ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ. ಮೈಯ ರೋಮವನ್ನೆಲ್ಲ ಮೆಷಿನ್ ಹಾಕಿ ಬೋಳಿಸಿದೆ. ನೆತ್ತಿಯಿಂದ ಬಾಲದವರೆಗೆ ತೆಂಗಿನೆಣ್ಣೆ ತಿಕ್ಕಿದೆ. ಹುರುಳಿ ಬೇಯಿಸಿ ಹಾಕಿದೆ. ಅವನೋ, ಹುರುಳಿ ಮೂಸಿ ನನ್ನ ಮುಖ ನೋಡಿದ. ಇರ್ಷಾದ್ ಬಂದವನು ಬಾಗಿಲಲ್ಲೇ ನಿಂತು, "ಎಂತ ಲತೇಶಣ್ಣ, ಇವನನ್ನು ಕಂಬಳಕ್ಕೆ ಇಳಿಸ್ಲಿಕ್ಕುಂಟಾ?" ಎಂದು ಕೇಳಿದ.

ನಾಲ್ಕು ದಿನದಲ್ಲಿ ಮೈಯೆಲ್ಲ ಕೆಂಪಾಗಿ ಸುಲಿಯಿತು. ಪ್ರಾಣಿಗಳ ಡಾಕ್ಟರು ಚೆನ್ನಾಗಿ ಉಗಿದರು. ಈ ಜಾತಿಗೆ ರೋಮವೇ ಕೊಡೆಯಂತೆ, ಚಳಿಯನ್ನು ತಡೆಯುವ ಹಾಗೆ ಬಿಸಿಲನ್ನೂ ಅದೇ ತಡೆಯುವುದಂತೆ. ಮಾಡಿದ್ದುಣ್ಣೋ ಮಹಾರಾಯ. ರೋಮ ಮತ್ತೆ ಬಂತು, ಆದರೆ ಅಲ್ಲೊಂದು ಇಲ್ಲೊಂದು ತೇಪೆಯ ಹಾಗೆ, ಬೆನ್ನಿನ ಮೇಲೆ ಅಂಗೈಯಗಲ ಕಪ್ಪು ಕಲೆ. ಅಂದಿನಿಂದ ಮೇಡಂ ಕಾಲ್ ಮಾಡಿದರೆ ನಾನು ಬೊಳ್ಳನ ಮುಖ ಮಾತ್ರ ತೋರಿಸುವುದು. ಭಾನುವಾರ ಅವರು ಇಡೀ ನಾಯಿಯನ್ನು ನೋಡುತ್ತಾರೆ. ಆ ಹೆದರಿಕೆಯೂ ಉಂಟು.

ಇನ್ನು ನಿನ್ನ ಕಥೆಯ ಬಂಡಿಯ ವಿಷಯ. ಇಲ್ಲಿ ನೀರಿನ ಕ್ಯಾನ್ ಸಾಗಿಸುವ ಒಂದು ತಳ್ಳುಗಾಡಿ ಇದೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಅದಕ್ಕೆ ಹಗ್ಗ ಹಾಕಿ ಅವನ ಎದೆಪಟ್ಟಿಗೆ ಕಟ್ಟಿದೆ. ಯಾರೂ ಕಲಿಸಿದ್ದಲ್ಲ ಮಗಾ. ಎರಡು ಹೆಜ್ಜೆ ಇಟ್ಟು ಹಿಂದೆ ಭಾರ ಇದೆಯೆಂದು ಗೊತ್ತಾದ ಕೂಡಲೇ ತಲೆ ತಗ್ಗಿಸಿ ಎಳೆಯಲು ಶುರು ಮಾಡಿದ. ಕಾಂಪೌಂಡಿನ ಹಿಂದೆ ಖಾಲಿ ಮರಳಿನ ಜಾಗ ಇದೆ, ಅಲ್ಲಿ ಅವನು ಮುಂದೆ, ನಾನು ಗಾಡಿ ಹಿಡಿದು ಹಿಂದೆ. ನಲವತ್ತಮೂರು ವರ್ಷದ ನಾನು ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಓಡಿದ ಹಾಗೆ ಓಡಿದೆ, ಬಿದ್ದೂ ಬಿದ್ದೆ. ಅವನು ಓಡುವುದು ನನ್ನ ಮೇಲಿನ ಪ್ರೀತಿಗೋ, ಓಟದ ಮೇಲಿನ ಪ್ರೀತಿಗೋ ಎಂದು ಆಗಲೇ ಯೋಚಿಸಿದ್ದೆ. ಕಂಬಳದಲ್ಲೂ ಹೀಗೆಯೇ. ತಿನ್ನಿಸುವವನು ಒಬ್ಬ, ಓಡಿಸುವವನು ಒಬ್ಬ, ಗೆದ್ದಾಗ ಮೈಕಿನಲ್ಲಿ ಕೂಗುವುದು ದಡದಲ್ಲಿ ನಿಂತ ಯಜಮಾನರ ಹೆಸರು. ಕೋಣ ಯಾರದ್ದೆಂದು ಕೋಣನನ್ನು ಯಾರೂ ಕೇಳುವುದಿಲ್ಲ.

ಈ ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ಊರಿಗೆ ಬಂದವನು, ಕಂಪನಿ ಕರೆಯಿತೆಂದು ರಜೆ ಅರ್ಧಕ್ಕೆ ಬಿಟ್ಟು ವಾಪಸು ಬಂದೆನಲ್ಲ, ಆಗ ನಾನು ಇಲ್ಲಿ ಇಲ್ಲದೇ ಇದ್ದದ್ದು ಹದಿಮೂರೇ ದಿನ. ಇರ್ಷಾದ್ ಇವನಿಗೆ ಊಟ ಹಾಕುತ್ತಿದ್ದ. ಗೇಟಿನಲ್ಲಿ ನನ್ನನ್ನು ಕಂಡು ಹಾರಿ ಬಂದವನು ನನ್ನನ್ನು ಬ್ಯಾಗಿನ ಸಮೇತ ಬೀಳಿಸಿದ. ನೆಲದಲ್ಲಿ ಬಿದ್ದುಕೊಂಡೇ ನಾನು ಅತ್ತುಬಿಟ್ಟೆ.

ಈಗ ಮೇಡಂ ಅವನನ್ನು ಕರೆದೊಯ್ಯಲು ಬರುವ ಭಾನುವಾರದ ಚಿಂತೆ. ಬೊಳ್ಳ ನನ್ನ ಹತ್ತಿರವೇ ಬರಲಿ ಎಂದು ಆಸೆಯಾಗುತ್ತದೆ. ಹಾಗೆಂದುಕೊಂಡ ಮರುಕ್ಷಣವೇ, ಬೇಡ, ಅವನು ಓಡಿ ಹೋಗಿ ಮೇಡಂ ಮೇಲೆ ಬೀಳಲಿ ಎಂದೂ ಆಸೆಯಾಗುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ, ಎರಡರಲ್ಲಿ ಯಾವುದು ಆದರೂ ನನಗೆ ಬೇಸರವೇ. ಅತ್ತ ದರಿ ಇತ್ತ ಪುಲಿ. ಅವನು ಮೇಡಂ ಹತ್ತಿರ ಓಡಿದರೆ ನನಗೇನು ಲಾಭ ಎಂದು ಕೇಳಬೇಡ. ಉಳಿದದ್ದನ್ನು ನೋಡಿದ ಮೇಲೆ ಬರೆಯುತ್ತೇನೆ.

ನಜ್ಮಾ
೨೮-೧೧-೨೦೨೪, ಗುರುವಾರ

ಮಗಾ, ಇದನ್ನು ಇರ್ಷಾದನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾನೆ, ಒಂದು ತುದಿ ಹಿಡಿಯಲು ಆಗಾಗ ನನ್ನನ್ನು ಕರೆಯುತ್ತಾನೆ. ಅಕ್ಷರ ಸೊಟ್ಟಗಾದರೆ ಅದಕ್ಕೆ.

ಭಾನುವಾರ ಮಧ್ಯಾಹ್ನ ಮೇಡಂ ಬಂದರು. ನಾನು ಬೊಳ್ಳನಿಗೆ ಸ್ನಾನ ಮಾಡಿಸಿ, ಕಲೆ ಕಾಣದ ಹಾಗೆ ಬಾಚಿ, ಹಗ್ಗ ಹಾಕದೆ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಅವರು ಟ್ಯಾಕ್ಸಿಯಿಂದ ಇಳಿದು ಗೇಟಿನ ಬಳಿಯೇ ನಿಂತು, ಕುಲ್ಫಿ ಎಂದು ಕರೆದರು. ಅವನು ಕಿವಿ ಎತ್ತಿದ. ಅವಸರವಿಲ್ಲದೆ ನಡೆದುಹೋದ. ಅವರ ಕೈ ಮೂಸಿದ, ಚಪ್ಪಲಿ ಮೂಸಿದ, ಬಾಲವನ್ನು ಎರಡು ಸಲ ಆಡಿಸಿದ. ಮನೆಗೆ ನೆಂಟರು ಬಂದಾಗ ನೀವು ಮಕ್ಕಳು ನಗುತ್ತೀರಲ್ಲ, ಅಷ್ಟು. ಆಮೇಲೆ ತಿರುಗಿ ಬಂದು ನನ್ನ ಪಾದದ ಮೇಲೆ ಕೂತ.

ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತರು. ದೊಡ್ಡ ಡಾಕ್ಟರು, ಮುಖ ಮುಚ್ಚಿಕೊಂಡು ಅತ್ತರು. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ರೋಮ ಬೋಳಿಸಿದ ಕಥೆ, ಎಣ್ಣೆಯ ಕಥೆ, ಹುರುಳಿಯ ಕಥೆ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೊಳ್ಳನ ಬೆನ್ನಿನ ಕಲೆಯನ್ನು ಬಹಳ ಹೊತ್ತು ಸವರಿ, "ಇವನ ವಾಸನೆ ಕೂಡ ಬೇರೆಯಾಗಿದೆ ಲತೇಶ್ ಭಾಯ್" ಎಂದರು.

ನಾನು ಗೆದ್ದೆ ಮಗಾ. ಗೆದ್ದವನ ಹಾಗೆ ಅನಿಸಲಿಲ್ಲ, ಅಷ್ಟೆ. ಅಂದು ಮೀನು ಹುರಿದಿದ್ದೆ, ಎಲ್ಲ ಬೊಳ್ಳನಿಗೇ ಹಾಕಿದೆ.

ಸೋಮವಾರ, ಮಂಗಳವಾರ ಮೇಡಂ ಅವನನ್ನು ವಾಕಿಂಗಿಗೆ ಕರೆದರು. ಗೇಟಿನವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ, ಹಿಂದೆ ನನ್ನನ್ನು ನೋಡುತ್ತಾನೆ. ಎಳೆದರೆ ಮರಳಿನಲ್ಲಿ ಮಲಗಿಬಿಡುತ್ತಾನೆ. ಮಂಗಳವಾರ ಸಂಜೆ ಅವರು ನನ್ನ ಕೋಣೆಯ ಹೊರಗೆ ನಿಂತು ಹೇಳಿದರು: "ಇವನನ್ನು ನೀವೇ ಇಟ್ಟುಕೊಳ್ಳಿ. ನಾಯಿಗೆ ತನ್ನ ಮನೆ ಯಾವುದೆಂದು ಗೊತ್ತಿದೆ. ನಾನು ಗುರುವಾರದ ಟಿಕೆಟ್ಟಿಗೆ ಹೋಗಿಬಿಡುತ್ತೇನೆ."

ಎರಡೇ ದಿನಕ್ಕೆ ಹೊರಟು ನಿಂತರು ನೋಡು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಂಪೌಂಡಿನವರ ಮೇಲೆ ಸಿಟ್ಟು ಮಾಡಿದರೆ ನನ್ನ ಕೆಲಸವೇ ಖಲಾಸ್, ಅದೂ ನೆನಪಾಗಲಿಲ್ಲ. ಹತ್ತೊಂಬತ್ತು ತಿಂಗಳು ಇಲ್ಲದಿದ್ದವರು ಎರಡು ದಿನದಲ್ಲಿ ಅವನು ಮೊದಲಿನ ಹಾಗಾಗಬೇಕು ಎಂದರೆ ಹೇಗೆ ಎಂದು ಕೇಳಿದೆ. ಅವನು ನಿಮ್ಮನ್ನು ಬೇಡವೆಂದಿಲ್ಲ, ನೀವು ಯಾರೆಂದು ಅವನಿಗಿನ್ನೂ ತಿಳಿಯಲಿಲ್ಲ, ತಿಳಿಯುವ ಮೊದಲೇ ಎದ್ದು ಹೋದರೆ ಅವನೇನು ಮಾಡಬೇಕು ಎಂದೆ. ನನ್ನ ಹಿಂದಿ ನಿನಗೆ ಗೊತ್ತಲ್ಲ. ಅರ್ಧ ಹಿಂದಿ, ಅರ್ಧ ಮಲಯಾಳ, ಸಿಟ್ಟು ಏರಿದಾಗ ತುಳು. ಆದರೂ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಇಷ್ಟು ದಿನ ನೀವು ಅವನನ್ನು ಬಿಟ್ಟುಕೊಡಲು ಇಷ್ಟವಿಲ್ಲದೆ ಕೂತಿದ್ದೀರಿ ಎಂದುಕೊಂಡಿದ್ದೆ, ಈಗ ನೀವೇ ಅವನನ್ನು ಹೊರಡಿಸುತ್ತಿದ್ದೀರಲ್ಲ ಎಂದು ಕೇಳಿದರು. ಇನ್ನೂ ಸ್ವಲ್ಪ ದಿನ ಇದ್ದು ನೋಡಿ ಎಂದೆ.

ಅವರು ಟಿಕೆಟನ್ನು ಡಿಸೆಂಬರ್ ಹತ್ತಕ್ಕೆ ಮುಂದೂಡಿದರು. ನಾನು ಎದೆಪಟ್ಟಿ, ಹಗ್ಗ, ತಳ್ಳುಗಾಡಿ ಎಲ್ಲ ಅವರ ಕೈಗೆ ಕೊಟ್ಟೆ. ಗಾಡಿ ಹಿಡಿಯುವ ರೀತಿ ತೋರಿಸಿದೆ, ಕೈ ಸಡಿಲ ಬಿಡಬೇಕು, ಕಾಲು ಗಟ್ಟಿ ಊರಬೇಕು ಎಂದು. ತೆಂಗಿನೆಣ್ಣೆಯ ಬಾಟಲಿಯನ್ನೂ ಕೊಟ್ಟು, ನನ್ನ ಮೈಯ ವಾಸನೆ ಇದೇ, ಸ್ವಲ್ಪ ನಿಮ್ಮ ಕೈಗೆ ಹಚ್ಚಿಕೊಳ್ಳಿ ಎಂದೆ. ಅವನ ಜಾಗ ಅಲ್ಲೇ ಇರಲಿ ಎಂದು ನನ್ನ ಕೋಣೆಯ ಕೀಲಿ ಕೊಟ್ಟು, ಬಟ್ಟೆಯ ಚೀಲ ಹಿಡಿದು ಇಲ್ಲಿಗೆ ಬಂದೆ. ಕೆಲಸದ ಹೊತ್ತಿಗೆ ಹೋಗಿ, ಅವನು ಒಳಗಿರುವಾಗ ಗೇಟು, ನೀರು ನೋಡಿ ಬರುತ್ತೇನೆ. ನಾನು ಕಣ್ಣೆದುರಿದ್ದರೆ ಅವನು ಕಲಿಯುವುದಿಲ್ಲ. ಹೊರಡುವಾಗ ಅವನು ಬಾಗಿಲು ಕೆರೆಯುತ್ತಿದ್ದ. ನಾನು ತಿರುಗಿ ನೋಡಲಿಲ್ಲ.

ಇರ್ಷಾದ್ ಹೇಳಿದ, "ನಿಮಗೆ ಮಂಡೆ ಸಮ ಇಲ್ಲ ಲತೇಶಣ್ಣ. ಕೊಟ್ಟ ನಾಯಿಯನ್ನು ಬೇಡ ಅಂತ ಯಾರಾದರೂ ಹೇಳ್ತಾರಾ?" ಇರಬಹುದು. ನನಗೂ ಹಾಗೇ ಅನಿಸುತ್ತದೆ.

ಇಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದೆ ಅಡಗಿ ನೋಡಿದೆ. ಮೇಡಂ ಗಾಡಿ ಹಿಡಿದು ನಿಂತಿದ್ದರು. ಬೊಳ್ಳ ಹೋಗಲಿಲ್ಲ. ಕೂತ. ಅವರು ಎಳೆಯಲಿಲ್ಲ, ಬೈಯಲಿಲ್ಲ, ತಾವೂ ಮರಳಿನಲ್ಲಿ ಕೂತರು. ತುಂಬ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದರು, ನನಗೆ ಮೊಣಕಾಲು ನೋಯಲು ಶುರುವಾಯಿತು. ಆಮೇಲೆ ಅವನು ಎದ್ದು ಟ್ಯಾಂಕಿನ ಕಡೆ ಒಮ್ಮೆ ಮೂಗು ಎತ್ತಿದ. ನನ್ನ ವಾಸನೆ ಸಿಕ್ಕಿತೆಂದು ನಾನು ಇನ್ನಷ್ಟು ತಗ್ಗಿ ಕೂತೆ. ಸಿಕ್ಕಿರಲೂಬಹುದು. ತಲೆ ತಗ್ಗಿಸಿ ಎಳೆದ. ಮೇಡಂ ಹಿಂದೆ ಓಡಿದರು, ಬಿದ್ದರು, ಎದ್ದರು, ಮತ್ತೆ ಓಡಿದರು. ನನಗೆ ಸಂತೋಷವಾಯಿತು. ಅಲ್ಲೇ ಗೋಡೆಗೆ ಒರಗಿ ಚೆನ್ನಾಗಿ ಅತ್ತೆ ಕೂಡ. ಇದು ಎಂಥ ಸಂತೋಷವೋ ನನಗೆ ಗೊತ್ತಾಗುವುದಿಲ್ಲ.

ನಾಳೆ ಅವನು ಮತ್ತೆ ಕೂತುಬಿಡಲೂಬಹುದು. ಹತ್ತನೇ ತಾರೀಕಿನ ಹೊತ್ತಿಗೆ ಏನಾಗುತ್ತದೋ ದೇವರೇ ಬಲ್ಲ. ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನಲ್ಲಿ ಪಕ್ಕಾ ಉತ್ತರವಿಲ್ಲ, ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಪೀಟರನನ್ನು ಕಂಡ ಕೂಡಲೇ ಮಿಂಚು ಓಡಿ ಬಂದು ಮುಖ ನೆಕ್ಕಿತು ಎಂದು ಬರೆಯಬೇಡ, ಬಹುಮಾನ ಸಿಗುವುದಿದ್ದರೂ ಬೇಡ. ಅದು ನೆರೆಮನೆಯವನ ಪಾದದ ಮೇಲೆಯೇ ಕೂರಲಿ. ನೆರೆಮನೆಯವನನ್ನು ಕೆಟ್ಟವನನ್ನಾಗಿ ಮಾಡಬೇಡ, ಮೂರು ಚಳಿಗಾಲ ಅನ್ನ ಹಾಕಿದವನು ಅವನು. ಆದರೆ ಪೀಟರನನ್ನೂ ಅದೇ ದಿನ ಹಡಗಿಗೆ ಹಿಂದೆ ಕಳಿಸಬೇಡ. ಅವನು ಗೇಟಿನ ಬಳಿಯೇ ಕೂತಿರಲಿ. ಒಂದು ದಿನವಲ್ಲ, ಎರಡು ದಿನವಲ್ಲ, ಹಿಮ ಕರಗುವವರೆಗೂ ಕೂತಿರಲಿ. ಮಿಂಚು ಬರುತ್ತದೆಯೋ ಇಲ್ಲವೋ ಬರೆಯದಿದ್ದರೂ ನಡೆಯುತ್ತದೆ.

ಅಮ್ಮನಿಗೆ ಮೊಣಕಾಲಿನ ವಿಷಯ ಹೇಳಬೇಡ. ಅಜ್ಜಿಗೆ ಇರ್ಷಾದನ ಕೈಯಲ್ಲಿ ಖರ್ಜೂರ ಕಳಿಸಿದ್ದೇನೆ, ಬೀಜ ತೆಗೆದು ಕೊಡು. ರೋಶನ್ ಮಾವನಿಗೆ ನನ್ನ ನಮಸ್ಕಾರ ಹೇಳು. ದಿನಾ ನಿನ್ನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವವನು ಅವನು, ಜ್ವರ ಬಂದಾಗ ಆಸ್ಪತ್ರೆಯಲ್ಲಿ ಕೂತವನೂ ಅವನು. ಅವನಿಗೆ ಎದುರು ಮಾತಾಡಬೇಡ. ನಮ್ಮ ಮನೆಯ ದೈವ ನಿನ್ನ ಬೆನ್ನಿಗಿರಲಿ, ನಿನ್ನ ಕೈಬರಹ ಹೀಗೆಯೇ ದುಂಡಗಿರಲಿ, ನಿನ್ನ ಕಥೆಯನ್ನು ನಾಲ್ಕು ಜನ ಓದುವಂತಾಗಲಿ.

ನಿನ್ನ ಅಪ್ಪ,
ಲತೇಶ್

ತಾ. ಕ.: ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಇರ್ಷಾದ್ ಗೋಂದು ಹಿಡಿದು ಕಾಯುತ್ತಿದ್ದಾನೆ. ಬಿಸುವಿನ ರಜೆಗೆ ನಾನು ಬಂದ ಹನ್ನೊಂದನೆಯ ದಿನ ಬಾವಿಯ ಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದೆ. ಅಡಿಗೆಮನೆಯ ಕಿಟಕಿ ತೆರೆದಿತ್ತು. ನೀನು ಅಮ್ಮನ ಹತ್ತಿರ ಕೇಳಿದೆ, "ಅಪ್ಪ ಯಾವಾಗ ಹೋಗುವುದು?" ಎಂದು. ಅಮ್ಮ ಏನು ಹೇಳಿದಳೋ, ನಾನು ನಿಂತು ಕೇಳಲಿಲ್ಲ. ಬೇಗ ಹೋಗಲಿ ಎಂದು ಕೇಳಿದೆಯೋ, ಹೋಗಿಬಿಡುತ್ತಾರಲ್ಲಾ ಎಂದು ಕೇಳಿದೆಯೋ, ಏಳು ತಿಂಗಳಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಒಳಗೆ ಬಂದು ನಿನ್ನನ್ನೇ ಕೇಳಬಹುದಿತ್ತು. ಇನ್ನೂ ಹತ್ತೊಂಬತ್ತು ದಿನ ರಜೆ ಉಳಿದಿತ್ತು. ನಾನು ಕೇಳಲಿಲ್ಲ, ಪೇಟೆಗೆ ಹೋಗಿ ಟಿಕೆಟು ಬದಲಾಯಿಸಿಕೊಂಡು ಬಂದೆ. ಕಂಪನಿ ಕರೆದಿರಲಿಲ್ಲ ಮಗಾ.